ಮೇಲಿನ ಪದರ

"ಗುರುಗಳೇ, ಎಲ್ಲೆ ಎಂಬುದು ಪ್ರಕೃತಿ ಹಾಕಿದ್ದೋ, ನಾವೇ ಹಾಕಿಕೊಂಡದ್ದೋ?"

ಕೇಳಿದವನು ಪ್ರಭಂಜನ ಎಂಬ ಶಿಷ್ಯ. ಬಿಸಿಲನ್ನು ವಿದ್ಯುತ್ತಾಗಿಸುವ ಸೌರಕೋಶಗಳ ಮೇಲೆ ಅವನ ಕೆಲಸ. ತನ್ನ ಮೇಲೆ ಬಿದ್ದ ಬಿಸಿಲಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕೋಶ ವಿದ್ಯುತ್ತಾಗಿಸಲಾರದು ಎಂದು ಶಾಸ್ತ್ರ ಲೆಕ್ಕ ಹಾಕಿ ಹೇಳಿದೆ. ಆ ಲೆಕ್ಕದಲ್ಲಿ ತಪ್ಪು ಹುಡುಕಿ ಹುಡುಕಿ ಅವನು ಸೋತಿದ್ದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪ್ರಯೋಗಶಾಲೆಯಲ್ಲಿ ಅನಸೂಯ ಎಂಬ ಕುಶಲೆ ಇದ್ದಳು. ಗಾಜಿನ ಮೇಲೆ ಕೂದಲೆಳೆಗಿಂತ ತೆಳ್ಳಗೆ ದ್ರಾವಣ ಹರಡಿ, ಕಾಯಿಸಿ, ಕೋಶ ಮಾಡುವುದು ಅವಳ ವಿದ್ಯೆ. ಒಂಬತ್ತು ವರ್ಷ ಅದನ್ನೇ ಮಾಡಿದ್ದಳು. ಅವಳ ಕೋಶ ಶಾಸ್ತ್ರ ಹೇಳಿದ ಎಲ್ಲೆಗೆ ಕೂಗಳತೆಯಲ್ಲಿತ್ತು. ದೂರದ ಪರೀಕ್ಷಾಲಯಕ್ಕೆ ಹೊಸದಾಗಿ ಒಂದು ಕೋಶ ಮಾಡಿ ಕಳಿಸಿದರೆ, ಅಂಥ ಕೋಶಗಳಲ್ಲೆಲ್ಲ ಇದೇ ಮೊದಲು ಎಂದು ಅವಳ ಹೆಸರು ದಾಖಲಾಗುವುದರಲ್ಲಿತ್ತು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಕೆಲಸ ಬಂತು. ಕೃಷ್ಣೆಯ ನಡುಗಡ್ಡೆಯೊಂದಕ್ಕೆ ಹೊಳೆ ತುಂಬಿದಾಗ ದೋಣಿ ನಡೆಯುವುದಿಲ್ಲ. ಹಾವು ಕಚ್ಚಿದರೆ ಮದ್ದನ್ನು ಪುಟ್ಟ ವಿಮಾನವೊಂದು ಒಯ್ಯಬೇಕು. ಅದಕ್ಕೆ ಪೈಲಟ್ ಇಲ್ಲ. ರೆಕ್ಕೆಯ ಮೇಲಿನ ಸೌರಕೋಶಗಳೇ ಅದರ ಬಲ. ಬೇಕಾದ ಮದ್ದನ್ನೆಲ್ಲ ಒಂದೇ ಸಲ ಹೊರಲು ಅದಕ್ಕೆ ಆಗದು; ಎರಡು ಸಲ ಹೋಗಬೇಕು. ಹಿಂದಿನ ಮಳೆಗಾಲದಲ್ಲಿ ಅದು ಒಮ್ಮೆ ಹೋಗಿ, ತಿರುಗಿ ಬರುವಾಗ ಬಲ ಸಾಲದೆ ಹೊಳೆಗೆ ಬಿತ್ತು. ಹಾವು ಕಚ್ಚಿ ಅರ್ಧ ಮದ್ದಷ್ಟೇ ಸಿಕ್ಕಿದ್ದ ಹೆಂಗಸು ಸಂಜೆಗೆ ತೀರಿಕೊಂಡಳು. ರೆಕ್ಕೆ ದೊಡ್ಡದು ಮಾಡಿದರೆ ಭಾರವಾಗಿ ವಿಮಾನ ಏಳುವುದಿಲ್ಲ. ಅಷ್ಟೇ ಜಾಗದಲ್ಲಿ ಹೆಚ್ಚು ವಿದ್ಯುತ್ತು ಬೇಕು.

ಬಿಸಿಲು ಒಂದೇ ಬಣ್ಣದ್ದಲ್ಲ. ನೀಲಿ ಬೆಳಕಿನಲ್ಲಿ ಕಸುವು ಹೆಚ್ಚು; ಕೋಶ ತನಗೆ ಬೇಕಾದಷ್ಟು ಹಿಡಿದು ಉಳಿದುದನ್ನು ಶಾಖವಾಗಿ ಕಳೆಯುತ್ತದೆ. ಕೆಂಪಿನಾಚೆಯ ಬೆಳಕಿನಲ್ಲಿ ಕಸುವು ಕಡಿಮೆ. ಅದು ಸಿಕ್ಕದೆ ಕೋಶವನ್ನು ಹಾದು ಹೋಗಿಬಿಡುತ್ತದೆ. ಹಾಗೆ ಹಾದುಹೋಗುವ ಬೆಳಕನ್ನು ಹಿಡಿಯುವ ಕೋಶವನ್ನು ರುದ್ರಮುನಿ ಎಂಬ ಕಿರಿಯ ಸಹೋದ್ಯೋಗಿ ಮಾಡುತ್ತಿದ್ದ. ಅವನದನ್ನು ಕೆಳಗಿಟ್ಟು ಅವಳದನ್ನು ಮೇಲೆ ಹರಡಿ, ಎರಡನ್ನೂ ಒಂದೇ ಕೋಶವಾಗಿ ಬೆಸೆಯುವುದೆಂದು ತೀರ್ಮಾನವಾಯಿತು.

ಬೆಸೆದರು. ಅಳೆದರು. ಬಂದ ಅಂಕಿ ಅನಸೂಯಳ ಒಂಟಿ ಕೋಶದ ಅಂಕಿಗಿಂತಲೂ ಕೆಳಗಿತ್ತು.

ಏಳು ಸಲ ಬೆಸೆದರು. ಏಳು ಸಲವೂ ಅಷ್ಟೇ. ಮೇಲ್ದಂಡೆಯಲ್ಲಿ ಮಳೆ ಶುರುವಾಗಿದೆ, ಹನ್ನೊಂದು ದಿನದಲ್ಲಿ ಹೊಳೆ ತುಂಬುತ್ತದೆ ಎಂದು ಸುದ್ದಿ ಬಂತು. ಅನಸೂಯಳ ಸಹನೆ ಮೀರಿತು.

"ರುದ್ರಮುನಿ, ನಿಮ್ಮ ಪದರದಲ್ಲೇ ದೋಷವಿದೆ. ಅದನ್ನು ಸರಿ ಮಾಡದೆ ನನ್ನ ಕೆಲಸವನ್ನೂ ಕೆಡಿಸುತ್ತಿದ್ದೀರಿ."

ರುದ್ರಮುನಿ ತಲೆ ತಗ್ಗಿಸಿಯೇ ಹೇಳಿದ. "ದೋಷವಲ್ಲ ಮೇಡಂ, ಹಸಿವು. ನನ್ನ ಪದರಕ್ಕೆ ಕೆಂಪು ಬೆಳಕಿನಲ್ಲೂ ಒಂದಿಷ್ಟು ಬೇಕು. ನಿಮ್ಮದು ಅದನ್ನೂ ತಾನೇ ಉಂಡುಬಿಡುತ್ತದೆ. ಎರಡೂ ಒಂದರ ಹಿಂದೆ ಒಂದಿವೆ. ನನ್ನದರಿಂದ ಎಷ್ಟು ಹರಿಯುತ್ತದೋ ಅಷ್ಟೇ ಹೊರಗೆ ಬರುವುದು."

ಅವಳು ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಅವನ ಮಾತು ನಿಜ ಎಂದು ಮೂರನೆಯ ಅಳತೆಯಲ್ಲೇ ಅವಳಿಗೆ ಹೊಳೆದಿತ್ತು. ಹೊಳೆದದ್ದನ್ನು ಒಪ್ಪಿಕೊಂಡಿರಲಿಲ್ಲ, ಅಷ್ಟೆ. ತನ್ನ ಪದರ ತೆಳ್ಳಗಾಗಬೇಕು. ಬೆಳಕು ಬಿಟ್ಟುಕೊಡಬೇಕು. ಒಂದಿನಿತು ಬೆಳಕೂ ತಪ್ಪಿಹೋಗದಂತೆ ಮಾಡಲು ಕಲಿತದ್ದೇ ಒಂಬತ್ತು ವರ್ಷ.

ಸಂಕಟ ಅಷ್ಟೇ ಆಗಿರಲಿಲ್ಲ. ದ್ರಾವಣ ಉಳಿದಿದ್ದದ್ದು ಒಂದೇ ಸೀಸೆ. ಹೊಸದು ಬರಲು ಎರಡು ತಿಂಗಳು ಬೇಕು. ಅದನ್ನು ಪೂರ್ತಿ ತೆಳು ಮಾಡಿದರಷ್ಟೇ ರೆಕ್ಕೆಗೆ ಸಾಕಾಗುತ್ತದೆ; ಆದರೆ ತೆಳು ದ್ರಾವಣದಿಂದ ಪರೀಕ್ಷಾಲಯಕ್ಕೆ ಕಳಿಸುವ ಕೋಶವನ್ನು ಮಾಡಲಾಗದು. ಕಳಿಸಲು ಉಳಿದದ್ದು ನಾಲ್ಕೇ ದಿನ. ಆಮೇಲೆ ಬೇರೆ ಯಾರೋ ಮೊದಲಿಗರಾಗುತ್ತಾರೆ.

ಅವಳು ಒಳಗೆ ಬಂದು ಸೀಸೆಯ ಮುಚ್ಚಳ ತೆಗೆದಳು. ರುದ್ರಮುನಿ ಗಾಬರಿಯಾಗಿ ಎದ್ದು ನಿಂತ.

"ಬೇಡ ಮೇಡಂ. ಮೊದಲು ನಿಮ್ಮದನ್ನು ಕಳಿಸಿ. ವಿಮಾನ ಬರುವ ವರ್ಷ ಹಾರಲಿ."

"ಹಾವಿಗೂ ನೀವೇ ಹೇಳಿ ಬನ್ನಿ, ಬರುವ ವರ್ಷ ಕಚ್ಚು ಅಂತ," ಎಂದಳು ಅನಸೂಯ. ತೆಳು ಮಾಡುವ ದ್ರವವನ್ನು ಸೀಸೆಗೆ ಸುರಿದಳು.

ತೆಳು ಪದರದಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದರೂ ಕೋಶ ಸತ್ತಂತೆ. ಅವಳು ರುದ್ರಮುನಿಯ ಪದರವಿದ್ದ ಗಾಜನ್ನು ಗರಗರ ತಿರುಗಿಸಿ ದ್ರಾವಣ ಹರಡಿದಳು, ಕಾವಲಿಯ ಮೇಲಿಟ್ಟಳು. ಹಳದಿ ಪದರ ಕಂದು ಬಣ್ಣಕ್ಕೆ ತಿರುಗಬೇಕು. ಒಂದು ನಿಮಿಷ ಕಳೆಯಿತು. ಅದು ಹಳದಿಯಾಗಿಯೇ ಇತ್ತು. ಅಂಚಿನಿಂದ ಬಣ್ಣ ತಿರುಗತೊಡಗಿತು, ನಡುವಿನವರೆಗೂ ಬಂತು. ತೂತು ಬಿದ್ದಿರಲಿಲ್ಲ.

ಅಳೆಯುವಾಗ ರುದ್ರಮುನಿ ಕೋಶದ ಸುತ್ತ ಕಪ್ಪು ತಗಡು ಮುಚ್ಚಿದ, ಪಕ್ಕದ ಬೆಳಕು ನುಸುಳಿ ಸುಳ್ಳು ಅಂಕಿ ಬರಬಾರದೆಂದು. ಮೊದಲ ಅಂಕಿಯನ್ನು ಅವನು ನಂಬಲಿಲ್ಲ. ದೀಪ ಆರಿಸಿ ಮತ್ತೆ ಹಚ್ಚಿ ಅಳೆದ. ಮೂರನೆಯ ಸಲ ಅನಸೂಯಳೇ ಅಳೆದಳು. ಮೂರು ಸಲವೂ ಅಂಕಿ ಮೂರರಲ್ಲೊಂದು ಪಾಲನ್ನು ದಾಟಿ ನಿಂತಿತ್ತು.

ಅಷ್ಟೇ ತೆಳುವಾದ ಪದರವನ್ನು ಬೇರೆ ಗಾಜಿನ ಮೇಲೆ ಒಂಟಿಯಾಗಿ ಹರಡಿ ಅಳೆದು ನೋಡಿದಳು. ಒಂಬತ್ತು ವರ್ಷದಲ್ಲಿ ಅವಳು ಮಾಡಿದ ಕೋಶಗಳಲ್ಲೇ ಅದು ತೀರ ಕಡಿಮೆಯದರ ಸಾಲಿಗೆ ಸೇರುವಂತಿತ್ತು. ಅವಳು ಆ ಅಂಕಿಯನ್ನೂ ಬರೆದಿಟ್ಟಳು.

ಸುದ್ದಿಯಲ್ಲಿ ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಹೊಳೆ ತುಂಬಿತು. ಅಷ್ಟರೊಳಗೆ ಹೊಸ ಕೋಶಗಳು ರೆಕ್ಕೆಯ ಮೇಲೆ ಕೂತಿದ್ದವು. ನಡುಗಡ್ಡೆಯಲ್ಲಿ ಮೇವು ಕೊಯ್ಯುತ್ತಿದ್ದ ಒಬ್ಬನಿಗೆ ಹಾವು ಕಚ್ಚಿತು. ಮೋಡ ತುಸು ಸರಿದ ಹೊತ್ತು ನೋಡಿ ವಿಮಾನ ಬಿಟ್ಟರು. ಅದು ಹೋಯಿತು. ದಡದಲ್ಲಿ ನಿಂತ ಅನಸೂಯ ಆಕಾಶದಿಂದ ಕಣ್ಣು ಕೀಳಲಿಲ್ಲ. ಅದು ಬಂತು. ಉಳಿದ ಮದ್ದು ಹೊತ್ತು ಮತ್ತೆ ಹೋಯಿತು. ಮೇವಿನವನು ಬದುಕಿದ. ಅದೇ ವಾರ ಪರೀಕ್ಷಾಲಯದ ದಾಖಲೆಯಲ್ಲಿ ಇನ್ನಾರದೋ ಹೆಸರು ಬಂತು.

ಗುರುಗಳು ಕತೆ ನಿಲ್ಲಿಸಿದರು.

ಪ್ರಭಂಜನನ ಮುಖ ಅರಳಿತ್ತು. "ಹಾಗಾದರೆ ಶಾಸ್ತ್ರದ ಲೆಕ್ಕ ತಪ್ಪಾಗಿತ್ತು. ಅನಸೂಯ ಎಲ್ಲೆಯನ್ನು ದಾಟಿಯೇಬಿಟ್ಟಳಲ್ಲವೇ?"

"ಲೆಕ್ಕ ಸರಿಯಾಗಿಯೇ ಇದೆ, ಎಲ್ಲೆಯೂ ಅಲ್ಲೇ ಇದೆ," ಎಂದರು ಗುರುಗಳು, "ಅದು ಒಂಟಿಯಾಗಿ ನಿಂತವರಿಗೆ ಹೇಳಿದ್ದು."