ತಳ ಹಿಡಿದ ಅನ್ನ

ತುಂಗಭದ್ರೆಯ ದಡದಲ್ಲಿ ಒಂದು ಸಣ್ಣ ಮಠ. ಕೊಟ್ರೇಶ ಬಂದಾಗ ಮಠದ ಗುರು ಅಜ್ಜಯ್ಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು.

ಕೊಟ್ರೇಶ ಚಿಕ್ಕಂದಿನಲ್ಲಿ ಇವರ ಹತ್ತಿರವೇ ಓದಿದವನು. ಆಮೇಲೆ ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದ. ಆರು ತಿಂಗಳ ಹಿಂದೆ ಕಂಪನಿಯವರು ಅವನ ವಿಭಾಗವನ್ನೇ ಮುಚ್ಚಿದರು. ಅಂದಿನಿಂದ ಸಂದರ್ಶನದ ಮೇಲೆ ಸಂದರ್ಶನ.

"ಎಲ್ಲಾ ಕಡೆ ಬೇಡ ಅಂದ್ರು ಅಜ್ಜಾರೇ."

"ಏನು ಕೇಳ್ತಾರಪ್ಪಾ ಅಲ್ಲಿ?"

"ಒಗಟಿನಂಥ ಲೆಕ್ಕ ಕೊಡ್ತಾರೆ. ಅವರು ನೋಡ್ತಿರುವಾಗಲೇ ಪ್ರೋಗ್ರಾಂ ಬರೆದು ಬಿಡಿಸಬೇಕು. ನಾನು ನೂರಾರು ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ."

"ಬಾಯಿಪಾಠ ಮಾಡಿದ್ದೇ ಬಂದ್ರೆ?"

ಕೊಟ್ರೇಶ ತಲೆ ತಗ್ಗಿಸಿದ. "ಥಟ್ಟನೆ ಹೇಳಿದ್ರೆ ಗೊತ್ತಾಗಿಬಿಡುತ್ತೆ. ಸ್ವಲ್ಪ ಹೊತ್ತು ತಲೆ ಕೆರ್ಕೊಂಡು, ಈಗಷ್ಟೇ ಹೊಳೀತು ಅನ್ನೋ ಹಾಗೆ ಹೇಳ್ತೀನಿ."

"ಗೊತ್ತಿಲ್ಲದ್ದು ಬಂದ್ರೆ?"

"ಗೊತ್ತಿರೋ ಹಾಗೆ ತಲೆ ಆಡಿಸ್ತೀನಿ."

"ಒಳ್ಳೆ ಬಯಲಾಟ ಕಣಪ್ಪಾ ನಿಂದು," ಎಂದು ಅಜ್ಜಯ್ಯ ನಕ್ಕರು.

ಕೊಟ್ರೇಶನಿಗೆ ನಗು ಬರಲಿಲ್ಲ. "ಸೋಮವಾರ ಇನ್ನೊಂದಿದೆ. ಅದೂ ಹೋದ್ರೆ ಅರ್ಧ ಅನುಭವ ಮುಚ್ಚಿಟ್ಟು ಹುಡುಗರ ಕೆಲಸಕ್ಕೆ ಅರ್ಜಿ ಹಾಕ್ತೀನಿ. ತಲೆಗೆ ಬಣ್ಣ ಆಗಲೇ ಹಚ್ಚಿದ್ದೀನಿ, ನೋಡಿ. ಇಪ್ಪತ್ತು ವರ್ಷ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಅಜ್ಜಯ್ಯ ಸಮಾಧಾನದ ಮಾತೇನೂ ಆಡಲಿಲ್ಲ.

"ಅದಿರಲಿ. ದಾಸೋಹದ ಅನ್ನ ಯಾಕೋ ತಳ ಹಿಡೀತಿದೆ. ಬಂದವರೆಲ್ಲ ಸೀಕಲು ಉಣ್ತಿದ್ದಾರೆ. ಏನಾಗಿದೆ ನೋಡು."

"ಅಡುಗೆ ನನಗೇನು ಗೊತ್ತು ಅಜ್ಜಾರೇ?"

"ಗೊತ್ತಿಲ್ಲ ಅಲ್ವಾ? ಒಳ್ಳೇದಾಯ್ತು. ಹೋಗು."

ದಾಸೋಹದ ಮನೆಯಲ್ಲಿ ಅಡುಗೆಯ ನೀಲವ್ವ ಹಂಡೆ ತಿಕ್ಕುತ್ತಿದ್ದಳು. ಕೊಟ್ರೇಶ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ನನಗೆ ಇದೇನೂ ತಿಳಿಯಲ್ಲ ನೀಲವ್ವ. ಯಾವಾಗಿಂದ ತಳ ಹಿಡೀತಿದೆ?"

"ಅಮಾಸೆ ಆದ ಮೇಲೆ."

"ಎರಡು ಹೊತ್ತೂನಾ?"

"ಇಲ್ಲಪ್ಪಾ. ರಾತ್ರಿ ಊಟದ್ದು ಮಾತ್ರ."

"ಅಕ್ಕಿ ಬೇರೆ ಬಂತಾ? ಹಂಡೆ ಬದಲಾಯ್ತಾ? ಒಲೆ?"

"ಎಲ್ಲಾ ಅದೇ."

"ಹಾಗಾದ್ರೆ ಅಮಾಸೆ ಆದ ಮೇಲೆ ಬದಲಾಗಿದ್ದೇನು?"

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿದ್ದಳೋ ಹೆದರಿದ್ದಳೋ ಅವನಿಗೆ ತಿಳಿಯಲಿಲ್ಲ. "ನಾನು ಹೇಳಲ್ಲಪ್ಪಾ. ನೀನೇ ನೋಡು," ಎಂದಳು.

ಸಂಜೆ ಅವನು ಒಲೆಯ ಪಕ್ಕದಲ್ಲೇ ಕೂತ. ಅನ್ನ ಬೆಂದಿತು. ಅಷ್ಟರಲ್ಲಿ ಅಜ್ಜಯ್ಯನವರ ಪ್ರವಚನದ ಗಂಟೆ ಕೇಳಿಸಿತು. ನೀಲವ್ವ ಹಂಡೆಯನ್ನು ಕೆಂಡದ ಮೇಲೆ ಬಿಟ್ಟು, ಕೈ ಒರೆಸಿಕೊಂಡು ಕೇಳಲು ಹೋದಳು. ಕೊಟ್ರೇಶನೂ ಹಿಂದೆಯೇ ಹೋದ.

ಪ್ರವಚನ ನಡೆಯಿತು. ಇನ್ನೇನು ಮುಗಿಯಿತು ಎನ್ನುವಾಗ ಅಜ್ಜಯ್ಯನವರಿಗೆ ಇನ್ನೊಂದು ಕಥೆ ನೆನಪಾಯಿತು. ಅದು ಮುಗಿಯುವಷ್ಟರಲ್ಲಿ ಮತ್ತೊಂದು. "ಅಮಾಸೆ ಆದಾಗಿಂದ ದಿನಾ ಹೀಗೇ," ಎಂದು ಪಕ್ಕದಲ್ಲಿ ಕೂತವರೊಬ್ಬರು ಪಿಸುಗುಟ್ಟಿದರು.

ಒಲೆಯ ಕಡೆಯಿಂದ ಸೀದ ವಾಸನೆ ಬಂತು.

ಮರುದಿನ ಬೆಳಿಗ್ಗೆ ಕೊಟ್ರೇಶ ಗುರುಗಳ ಮುಂದೆ ನಿಂತು ಕೈ ಹೊಸಕುತ್ತಿದ್ದ.

"ಸಿಕ್ತಾ?"

"ಸಿಕ್ತು. ಹೇಳೋದು ಹೇಗೆ ಅಂತ..."

"ಬಾಯಲ್ಲಿ ಹೇಳಪ್ಪಾ."

"ಅಕ್ಕಿ ಸರಿ ಇದೆ. ಹಂಡೆ ಸರಿ ಇದೆ. ಏನೂ ರಿಪೇರಿ ಬೇಡ. ತಮ್ಮ ಪ್ರವಚನ ಇತ್ತೀಚೆಗೆ ಉದ್ದ ಆಗಿದೆ ಅಜ್ಜಾರೇ. ಅದು ಮುಗಿಯೋವರೆಗೂ ನೀಲವ್ವ ಏಳಲ್ಲ, ಹಂಡೆ ಇಳಿಯಲ್ಲ."

ಅಜ್ಜಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ನೀಲವ್ವ ನಕ್ಕಿದ್ದೂ ಕೇಳಿಸಿತು.

"ವಯಸ್ಸಾದ ಹಾಗೆ ಮಾತು ಜಾಸ್ತಿ ಆಗುತ್ತೆ. ಇವತ್ತಿಂದ ಒಂದೇ ಕಥೆ," ಎಂದರು. ಕಣ್ಣು ಒರೆಸಿಕೊಂಡು ಕೇಳಿದರು: "ಹೌದು, ಇದನ್ನ ಬಾಯಿಪಾಠ ಮಾಡಿದ್ಯಾ?"

"ಇಲ್ಲ."

"ತಲೆ ಕೆರ್ಕೊಂಡ್ಯಾ?"

"ನಿಜವಾಗಿಯೂ ಕೆರ್ಕೊಂಡೆ."

"ಸೋಮವಾರ ಹೋಗಿ ಬಾ."

ಸೋಮವಾರ ಕಳೆದು ಎರಡನೆಯ ದಿನ ಕೊಟ್ರೇಶ ಮತ್ತೆ ಬಂದ. ಬಸ್ಸಿಳಿದವನು ನೇರ ನದಿಗಿಳಿದು ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ಅಜ್ಜಯ್ಯನವರ ಪಕ್ಕ ಮೆಟ್ಟಿಲ ಮೇಲೆ ಕೂತ.

"ಲೆಕ್ಕ ಕೊಟ್ರಾ?"

"ಕೊಟ್ರು. ಅದರಲ್ಲಿ ಒಂದು ಬಾಯಿಪಾಠದ್ದೇ. 'ಇದು ನನಗೆ ಮೊದಲೇ ಗೊತ್ತು, ಬೇರೆ ಕೊಡಿ' ಅಂದೆ."

"ಕೊಟ್ರಾ ಬೇರೆ?"

"ತಮ್ಮ ಕೆಲಸದ್ದೇ ಒಂದು ತೊಂದರೆ ಹೇಳಿದ್ರು. ಅವರ ವೆಬ್‌ಸೈಟು ನಿಧಾನ ಆಗಿದೆಯಂತೆ, ಏನ್ಮಾಡ್ತೀರಿ ಅಂದ್ರು. ಬಾಯಿಪಾಠದ ಉತ್ತರ ನಾಲಿಗೆ ತುದಿಗೆ ಬಂದಿತ್ತು, ನುಂಗ್ಕೊಂಡೆ. ನನಗೆ ಗೊತ್ತಿಲ್ಲ, ಯಾವಾಗಿಂದ ಹೀಗೆ ಅಂತ ಕೇಳಿದೆ."

"ಆಮೇಲೆ?"

"ಕೇಳ್ತಾ ಕೇಳ್ತಾ ಹೋದೆ. ಅಲ್ಲಿದ್ದ ದೊಡ್ಡ ಮೇಡಂ ಅವರೇ ಸೇರಿಸಿದ ಹೊಸದೊಂದು ಏರ್ಪಾಡಿನಿಂದ ಹಾಗಾಗಿತ್ತು."

"ಹೇಳಿದ್ಯಾ?"

"ಹೇಳಿದೆ. ಅವರು ಅಲ್ಲೇ ಕಂಪ್ಯೂಟರ್ ತೆಗೆದು ನೋಡಿ, ಹೌದು ಅಂದ್ರು. ಆಮೇಲೆ, ಯಾವತ್ತಿಂದ ಬರ್ತೀರಿ ಅಂದ್ರು."

ಹೇಳುತ್ತಲೇ ಅವನ ಕಣ್ಣು ತುಂಬಿತು. ಆರು ತಿಂಗಳ ಭಾರ ಇಳಿದುಹೋಗಿ ಮೈಯೆಲ್ಲ ಹಗುರಾಗಿತ್ತು. ಎಷ್ಟೋ ದಿನಗಳ ಮೇಲೆ ಅವನು ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದ.

"ಇಪ್ಪತ್ತು ವರ್ಷದ ಅನುಭವ ಯಾರಿಗೂ ಬೇಡ ಅಂದ್ಕೊಂಡಿದ್ದೆ ಅಜ್ಜಾರೇ. ಹೋದಲ್ಲೆಲ್ಲ ಅದನ್ನ ಬೇಡ ಅಂದ್ರಲ್ಲ ಅಂತ."

"ಅವರು ಅದನ್ನ ನೋಡಿದ್ದೇ ಇಲ್ಲವಲ್ಲೋ ತಮ್ಮಾ," ಎಂದರು ಅಜ್ಜಯ್ಯ. "ಇಷ್ಟು ದಿನ ಅದನ್ನ ಬಾಗಿಲಾಚೆ ಕೂರಿಸಿ ನೀನೊಬ್ಬನೇ ಒಳಗೆ ಹೋಗ್ತಿದ್ದೆ."