ಕಿವಿಯ ಹಿಂದಿನ ಜುಟ್ಟು

ಹೊಳೆದಂಡೆಯ ಆ ಮಠದಲ್ಲಿ ಹುಣ್ಣಿಮೆ ಬಂತೆಂದರೆ ಸಾಧುಗಳೆಲ್ಲ ತಲೆ ಬೋಳಿಸಿಕೊಳ್ಳುತ್ತಿದ್ದರು. ಮೊದಲು ಗುರುಗಳದು, ಆಮೇಲೆ ಉಳಿದವರದು. ಗುರುಗಳಾದ ಕರಿಸಿದ್ಧಜ್ಜನವರ ತಲೆ ಬೋಳಿಸುವ ಸೇವೆ ಶಿಷ್ಯ ಅಡಿವೆಪ್ಪನದು. ಆ ಕತ್ತಿಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಹುಣ್ಣಿಮೆಯ ಬೆಳಿಗ್ಗೆ, ಅಜ್ಜನವರ ಬಲಗಿವಿಯ ಹಿಂದೆ ಅವನ ಬೆರಳಿಗೆ ಒಂದು ಗಂಟು ಸಿಕ್ಕಿತು. ಮೆತ್ತಗಿತ್ತು. ಬೆರಳಿಟ್ಟರೆ ಒಳಗೆ ನಾಡಿ ಬಡಿಯುತ್ತಿತ್ತು.

ಅಡಿವೆಪ್ಪನ ಕತ್ತಿ ಅಲ್ಲೇ ನಿಂತಿತು. ಹಲವು ವರ್ಷಗಳ ಹಿಂದೆ ಅಜ್ಜನವರ ಒಂದು ಕಿಡ್ನಿಯಲ್ಲಿ ಕ್ಯಾನ್ಸರ್ ಕಂಡು, ಪಟ್ಟಣದ ಡಾಕ್ಟರು ಅದನ್ನು ತೆಗೆದುಹಾಕಿದ್ದರು. ಮಠಕ್ಕೆ ಕಳಿಸುವಾಗ ಅವನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದರು. ಈ ರೋಗ ಎಷ್ಟೋ ವರ್ಷ ಸುಮ್ಮನಿದ್ದು ಇನ್ನೆಲ್ಲೋ ಏಳುತ್ತದೆ, ತಲೆಯಲ್ಲಿ ಏಳಬಹುದು, ಕುತ್ತಿಗೆಯಲ್ಲಿ ಏಳಬಹುದು, ಗಂಟು ಕಂಡರೆ ಆ ದಿನವೇ ಕರೆದುಕೊಂಡು ಬಾ ಎಂದಿದ್ದರು.

"ಯಾಕ, ಕೈ ನಿಂತೈತಿ?" ಎಂದು ಅಜ್ಜನವರು ಕೇಳಿದರು.

"ಏನಿಲ್ರಿ ಅಜ್ಜಾರ."

ಗಂಟಿನ ಮೇಲಿನ ಕೂದಲನ್ನು ಹಾಗೇ ಬಿಟ್ಟು ಅವನು ಉಳಿದದ್ದನ್ನು ಬೋಳಿಸಿದ. ಕಾಣದ್ದು ಇಲ್ಲವೇ ಇಲ್ಲ ಎಂದುಕೊಳ್ಳುವ ಆಸೆ ದೊಡ್ಡ ದೊಡ್ಡ ವೇದಾಂತಿಗಳಿಗೂ ಒಮ್ಮೊಮ್ಮೆ ಆಗುತ್ತದೆ. ಅಡಿವೆಪ್ಪನಿಗಂತೂ ತಂದೆ, ತಾಯಿ, ಊರು ಎಲ್ಲವೂ ಅಜ್ಜನವರೇ.

ಮುಂದಿನ ಹುಣ್ಣಿಮೆಗೆ ಗಂಟು ಬೆಳೆದಿತ್ತು. ಅವನು ಕೂದಲನ್ನು ಇನ್ನಷ್ಟು ಅಗಲವಾಗಿ ಬಿಟ್ಟ.

ಅದರಾಚೆಯ ಹುಣ್ಣಿಮೆಯ ದಿನ ಅವನು ಸೇವೆ ಮುಗಿಸಿ ಅಂಗಳಕ್ಕೆ ಬಂದರೆ, ಸಾಧುಗಳು ಒಬ್ಬರ ತಲೆ ಒಬ್ಬರು ಬೋಳಿಸುತ್ತ ಬಲಗಿವಿಯ ಹಿಂದೆ ಜುಟ್ಟು ಬಿಡುತ್ತಿದ್ದರು. ಗುರುಗಳು ಯಾವುದೋ ಹೊಸ ವ್ರತ ಹಿಡಿದಿದ್ದಾರೆಂದು ಅವರ ನಂಬಿಕೆ. ಹಿರಿಯ ಸಾಧುವೊಬ್ಬರು ಅದಕ್ಕೆ ಅರ್ಥವನ್ನೂ ಹಚ್ಚಿಬಿಟ್ಟಿದ್ದರು. ಉಪದೇಶ ಇಳಿಯುವುದು ಬಲಗಿವಿಯಲ್ಲಿ, ಇಳಿದದ್ದು ಹಿಂದಿನಿಂದ ಸೋರಿಹೋಗಬಾರದೆಂದು ಈ ಜುಟ್ಟು. ಕೇಳಿದವರು ಹೌದೌದು ಎಂದು ತಲೆಯಾಡಿಸಿದ್ದರು.

ಅಡಿವೆಪ್ಪನಿಗೆ ಅತ್ತ ನಗುವೂ ಬರಲಿಲ್ಲ, ಇತ್ತ ಅಳುವೂ ಬರಲಿಲ್ಲ.

ಸಂಜೆ ಅಜ್ಜನವರು ಅವನನ್ನು ಹೊಳೆಯ ಮೆಟ್ಟಿಲಿಗೆ ಕರೆದರು. ಕೆಳಗೆ ಸಾಧುಗಳು ಸ್ನಾನ ಮಾಡುತ್ತಿದ್ದರು.

"ಅವರ ಕಿವಿ ಹಿಂದ ಏನೈತಿ?"

"ಜುಟ್ಟು ರೀ ಅಜ್ಜಾರ."

"ಅಲ್ಲ. ಅದು ನಿನ್ನ ಅಂಜಿಕಿ. ಎಲ್ಲಾರೂ ಹೊತ್ಕೊಂಡು ಅಡ್ಡಾಡಾಕತ್ತಾರ."

ಅಡಿವೆಪ್ಪ ಅವರ ಕಾಲು ಹಿಡಿದು ಅತ್ತ. ಅತ್ತು ಮುಗಿಯುವ ತನಕ ಅಜ್ಜನವರು ಕಾದರು. ಆಮೇಲೆ ಕತ್ತಿ ತರಿಸಿ, ತಲೆ ಬಗ್ಗಿಸಿ ಕೂತರು. ಅವನು ಆ ಕೂದಲನ್ನು ತೆಗೆದ. ಸಾಧುಗಳು ಒಬ್ಬೊಬ್ಬರಾಗಿ ಮೇಲೆ ಬಂದು ಗಂಟನ್ನು ನೋಡಿದರು. ಅರ್ಥ ಹೇಳಿದ್ದ ಹಿರಿಯರು ತಮ್ಮ ಜುಟ್ಟನ್ನು ಕೈಯಿಂದ ಮುಚ್ಚಿಕೊಂಡರು.

ಮರುದಿನ ಪಟ್ಟಣಕ್ಕೆ ಹೋದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಕಿಡ್ನಿಯ ಅದೇ ರೋಗ ಈಗ ತಲೆಬುರುಡೆಗೆ ಹಬ್ಬಿದೆ, ಕುತ್ತಿಗೆಯಲ್ಲೂ ಇನ್ನೊಂದು ಗಂಟಿದೆ ಎಂದರು. ಕಿರಣ ಕೊಟ್ಟು, ಮಾತ್ರೆ ಕೊಟ್ಟು ನೋವು ಇಳಿಸಬಹುದು, ಇನ್ನಷ್ಟು ಕಾಲ ಸಿಗಲೂಬಹುದು, ಆದರೆ ವಾಸಿಯಾಗುತ್ತದೆ ಎನ್ನಲಾರೆ ಎಂದರು. ಮೊದಲೇ ಬಂದಿದ್ದರೆ ಎಂದು ಅಡಿವೆಪ್ಪ ಕೇಳಿದ. ಬರಬೇಕಿತ್ತು ಎಂದಷ್ಟೇ ಅವರು ಹೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಆ ಗಂಟು ನಿಮ್ಮ ಕೈಗೆ ಸಿಕ್ಕಿರಲಿಲ್ಲೇನ್ರಿ?"

"ಸಿಕ್ಕಿತ್ತು."

"ಮತ್ತ ಯಾಕ ಸುಮ್ಮನಿದ್ರಿ?"

"ನೀ ಬಿಟ್ಟ ಕೂದಲು ನನಗೂ ಹಿತ ಅನಿಸಿತ್ತಪ್ಪ. ಎಲ್ಲಾರ ತಲಿ ಮ್ಯಾಲೆ ಕಂಡಾಗ ನಾಚಿಕಿ ಬಂತು."

ಗುರುಗಳಿಗೂ ಭಯವಿರುತ್ತದೆಂದು ಅಡಿವೆಪ್ಪ ಎಂದೂ ಯೋಚಿಸಿರಲಿಲ್ಲ. ಅವರ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂತು. ಅದಕ್ಕೇ ಸಂಕಟವೂ ಹೆಚ್ಚಾಯಿತು.

ಆಮೇಲೆ ಪಟ್ಟಣಕ್ಕೆ ಹೋಗಿ ಚಿಕಿತ್ಸೆ ಮುಗಿಸಿ ಮಠಕ್ಕೆ ಮರಳಿದ ಮೇಲೆ ಮತ್ತೆ ಹುಣ್ಣಿಮೆ ಬಂತು. ಅಜ್ಜನವರು ಸೊರಗಿದ್ದರು, ಕುತ್ತಿಗೆ ಹೊರಳಿಸಲು ಕಷ್ಟಪಡುತ್ತಿದ್ದರು. ಕಿರಣ ಬಿದ್ದ ಕಡೆ ಕೂದಲು ತಾನಾಗಿಯೇ ಉದುರಿಹೋಗಿತ್ತು. ಮುಚ್ಚಿಡಲು ಅಡಿವೆಪ್ಪನ ಬಳಿ ಏನೂ ಉಳಿದಿರಲಿಲ್ಲ.

ಅವನು ಬಿಸಿನೀರು ಹಚ್ಚಿ, ಎಡಗಡೆಯಿಂದ ಶುರುಮಾಡಿದ. ಅರ್ಧ ತಲೆ ಆಗಿತ್ತು. ಕೈ ನಿಂತಿತು.

ಈ ಸಲ ಅಜ್ಜನವರು ಯಾಕೆಂದು ಕೇಳಲಿಲ್ಲ. ಅವನೇ ಬಾಯಿಬಿಟ್ಟ.

"ಅಜ್ಜಾರ, ನೀವು ಹೋದ ಮ್ಯಾಲೆ ಹುಣ್ಣಿವಿ ಬಂದ್ರ ನಾ ಏನು ಮಾಡ್ಲಿ?"

ಅಜ್ಜನವರು ಹಿಂದಕ್ಕೆ ಕೈ ಚಾಚಿ ಅವನ ಮಣಿಕಟ್ಟು ಹುಡುಕಿದರು. ಅದನ್ನು ಹಿಡಿದು, ಕತ್ತಿಯನ್ನು ನಿಂತಲ್ಲಿಗೇ ತಂದಿಟ್ಟರು.

"ನೀರು ಆರಾಕತ್ತಾವ. ಮೊದಲ ಈ ತಲಿ ಮುಗಸು."