ದಂಡೆಯ ದ್ಯಾವಮ್ಮನ ಎಣ್ಣೆ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಮೀಸೆ ಮೂಡದ ಕಾಲದಲ್ಲಿ, ಹೊಳೆಯ ದಂಡೆಗೆ ಒಂದೂರು ಇತ್ತಂತೆ. ಬೇರೆ ಯಾವುದೂ ಅಲ್ಲ, ನಮ್ಮೂರೇ. ಉಳಿದ ಊರಿನವರು ತುಂಬಿದ ಹೊಳೆ ಕಂಡು ಮನೆ ಸೇರಿದರೆ, ನಮ್ಮವರು ಅದರ ಬೆನ್ನ ಮೇಲೆ ಹರಿಗೋಲು ಹಾಕುತ್ತಿದ್ದರಂತೆ.

ಆ ಊರಲ್ಲಿ ಅಂಬಿಗರ ದ್ಯಾವಮ್ಮ ಅಂತ ಒಬ್ಬಳಿದ್ದಳು. ಗಂಡ ಸೂಗಪ್ಪ ಹರಿಗೋಲು ಹಾಕುತ್ತಿದ್ದ, ಇವಳು ದಂಡೆಯ ಕಲ್ಲುಕಂಬದ ಮೇಲೆ ದೀಪ ಉರಿಸುತ್ತಿದ್ದಳು. ಕಂಬದಿಂದ ಕೆಳಗೆ ಹೊಳೆ ಬಂಡೆಗೆ ಬಡಿದು ಸುಳಿ ತಿರುಗುತ್ತಿತ್ತು. ಮುಸ್ಸಂಜೆಗೆ ದೀಪ ಕಂಡರೆ ಹರಿಗೋಲು ದಂಡೆಗೆ, ಕಾಣದಿದ್ದರೆ ಸುಳಿಗೆ.

ಬೇಸಿಗೆಯಲ್ಲಿ ಹೊಂಗೆಬೀಜ ಆರಿಸಿ, ಗಾಣಕ್ಕೆ ಹಾಕಿಸಿ, ಬಂದ ಎಣ್ಣೆಯನ್ನು ಮಳೆಗಾಲ ಮುಗಿಯುವ ತನಕ ಕೆಡದಂತೆ ಕಾಯುವುದು ಅವಳ ಪಾಲಿನದು. ಎಣ್ಣೆ ತೆಗೆಯುವುದು ಗಾಣದ ಎತ್ತಿಗೂ ಬರುತ್ತದೆ, ಇಡುವುದು ನನಗೊಬ್ಬಳಿಗೇ ಬರುತ್ತದೆ ಅಂತ ಜಂಬ ಕೊಚ್ಚುತ್ತಿದ್ದಳಂತೆ. ಜಂಬಕ್ಕೆ ತಕ್ಕ ಕೈಯೂ ಇತ್ತು. ನೀರಿನ ಹನಿ ಇದ್ದ ಪಾತ್ರೆಗೆ ಸುರಿಯಳು, ತಳದ ಗಷ್ಟು ಕದಡಳು, ಬಿಸಿಲು ಬೀಳಗೊಡಳು. ಹರಿಗೋಲಿನ ಚರ್ಮ ಬಿರುಕು ಬಿಡುತ್ತಿದೆ, ಹಚ್ಚಲು ಒಂದು ಸೌಟು ಕೊಡು ಅಂತ ಸೂಗಪ್ಪ ಗೋಗರೆದರೆ, "ನಿನ್ನ ಬೆವರು ಹಚ್ಚು ಹೋಗು" ಅನ್ನುತ್ತಿದ್ದಳಂತೆ.

ಒಂದು ವರ್ಷ ಗೌಡರು ಮೆಚ್ಚಿ ಅವಳಿಗೆ ತಾಮ್ರದ ಹಂಡೆ ಉಡುಗೊರೆ ಕೊಟ್ಟರು. ದ್ಯಾವಮ್ಮನ ಕಾಲು ನೆಲಕ್ಕೆ ತಾಗಲಿಲ್ಲ. ಎಣ್ಣೆಯನ್ನೆಲ್ಲ ಹಂಡೆಗೇ ಸುರಿದಳು. ಹಿಡಿಸದೆ ಉಳಿದದ್ದು ಹಳೆಯ ಮಣ್ಣಿನ ಗಡಿಗೆಯಲ್ಲಿ ಮೂಲೆ ಸೇರಿತು. ಬಂದವರಿಗೆ ಹಂಡೆಯ ಹೊಳಪು ಕಾಣಲಿ ಅಂತ ಅದರ ಬಾಯನ್ನೂ ಮುಚ್ಚಲಿಲ್ಲವಂತೆ. ದಿನಾ ಎಣ್ಣೆ ಮೊಗೆದಂತೆ ಹಂಡೆಯೊಳಗೆ ಗಾಳಿ ಬೆಳೆಯಿತು. ಗಾಳಿಯೂ ಉಂಡಿತು, ತಾಮ್ರವೂ ಉಂಡಿತು. ಎಣ್ಣೆ ಹಸಿರಿಗೆ ತಿರುಗಿ, ಅಂಟಾಗಿ, ಕಮಟು ಹಿಡಿಯಿತು.

ಪಕ್ಕದ ಮನೆಯ ನರಸವ್ವ ಮೂಗಿಗೆ ಸೆರಗು ಹಿಡಿದು, "ದ್ಯಾವಕ್ಕಾ, ಹಂಡ್ಯಾಗ ಇಲಿ ಬಿದ್ದದೇನು ನೋಡು" ಅಂದಳು.

"ಅದು ಇಲಿ ಅಲ್ಲಬೇ, ಗೌಡ್ರ ಹಂಡಿ ನೋಡಿ ನಿನ್ನ ಹೊಟ್ಟಿ ಸುಟ್ಟ ವಾಸನಿ" ಅಂದಳಂತೆ ಇವಳು.

ಮಳೆಗಾಲದ ನಡುವೆ ಹೊಳೆ ಎರಡೂ ದಂಡೆ ತುಂಬಿತು. ಸಂತೆಗೆ ಹೋದವರನ್ನು ಹತ್ತಿಸಿಕೊಂಡು ಸೂಗಪ್ಪ ಆಚೆ ದಂಡೆ ಬಿಟ್ಟಿದ್ದ. ಮುಸ್ಸಂಜೆ ಕವಿಯಿತು. ದೀಪ ಚಟಚಟ ಅಂದು ಆರಿತು. ಬತ್ತಿ ಬದಲಿಸಿದಳು, ಮತ್ತೆ ಆರಿತು. ಅಂಟು ಎಣ್ಣೆ ಬತ್ತಿಗೆ ಏರಲೊಲ್ಲದು. ನಡುಹೊಳೆಯಿಂದ ಸೂಗಪ್ಪನ ಕೂಗು ಕೇಳಿತು: "ದೀಪಾ! ದೀಪಾ!"

ಜಂಬವೆಲ್ಲ ಇಳಿದು ಕಾಲಿಗೆ ಬಂತು. ಮನೆಗೆ ಓಡಿದಳು. ಮೂಲೆಯ ಗಡಿಗೆ ಎತ್ತಹೋದರೆ ಅಲುಗದು. ಬಾಯಿ ಬಿಚ್ಚಿ ಕೈ ಹಾಕಿದರೆ ಕಲ್ಲು. ಗಡಿಗೆ ತುಂಬ ಹೊಳೆಗಲ್ಲು! ಆದರೆ ಕಲ್ಲುಗಳ ಸಂದಿನಲ್ಲಿ ಎಣ್ಣೆ ಗಾಳಿಗೆ ಎಡೆಗೊಡದೆ ಬಾಯಿಮಟ ನಿಂತಿತ್ತು, ನಿನ್ನೆ ಗಾಣದಿಂದ ಇಳಿದಂತೆ ತೆಳ್ಳಗೆ, ತಿಳಿಯಾಗಿ. ಮೊಗೆದುಕೊಂಡು ಕಂಬಕ್ಕೆ ಓಡಿದಳು. ದೀಪ ನೆಟ್ಟಗೆ ನಿಂತಿತು. ಹರಿಗೋಲು ಸುಳಿಯ ಅಂಚು ಸವರಿ ದಂಡೆಗೆ ತಾಗಿತಂತೆ.

ಜನ ಇಳಿದರು. ದ್ಯಾವಮ್ಮ ಅಳಲಿಲ್ಲ. "ಗಡಿಗ್ಯಾಗ ಕಲ್ಲು ಹಾಕಿದಾವ ಯಾರು?" ಅಂದಳು.

ಸೂಗಪ್ಪ ತಲೆ ಕೆರೆದುಕೊಂಡ. ಚರ್ಮಕ್ಕೆ ಹಚ್ಚಲು ಒಂದೊಂದು ಸೌಟು ಕದ್ದಾಗಲೂ, ಮಟ್ಟ ಇಳಿದದ್ದು ಹೆಂಡತಿಗೆ ತಿಳಿಯಬಾರದೆಂದು ಕಲ್ಲು ಹಾಕಿ ಬಾಯಿ ಬಿಗಿದಿಡುತ್ತಿದ್ದನಂತೆ. ಅದೂ ತೊಳೆದು, ಒಣಗಿಸಿದ ಕಲ್ಲು. "ನೀರು ತಾಗಿದ್ರ ನಿನ್ನ ಮೂಗಿಗೆ ಗೊತ್ತಾಗ್ತಿತ್ತಲ್ಲ" ಅಂದನಂತೆ.

"ಎಲಾ ಕಳ್ಳಾ, ನಿನ್ನ ಕೈ ಸೇದ್ಹೋಗಲಿ!" ಅಂತ ಬೈದು, ಆ ಕೈಯನ್ನೇ ಹಿಡಿದು ಮನೆಗೆ ಕರೆದೊಯ್ದಳು. ಮರುದಿನ ಗೌಡರ ಹಂಡೆಯಲ್ಲಿ ಎಮ್ಮೆ ನೀರು ಕುಡಿಯಿತು.

ಇವತ್ತಿಗೂ ನಮ್ಮೂರಲ್ಲಿ ಗಡಿಗೆಯಿಂದ ಒಂದು ಸೌಟು ಎಣ್ಣೆ ತೆಗೆದರೆ ಒಂದು ಒಣಗಲ್ಲು ಬೀಳಲೇಬೇಕು. ಕಲ್ಲು ಹಾಕುವಾಗ ಹೆಂಗಸರು ಗಂಡನಿಗೆ ಕೇಳುವಂತೆ "ಕಳ್ಳ" ಅಂತ ಬೈಯಲೂ ಬೇಕು. ಬೈಯದಿದ್ದರೆ ಎಣ್ಣೆ ಕೆಡುತ್ತದಂತೆ. ಹೊಸ ಸೊಸೆ ನಾಚಿಕೊಂಡರೆ, ಅವಳ ಬದಲು ಅತ್ತೆಯೇ ಮಗನನ್ನು ಬೈದು ಕೊಡುತ್ತಾಳೆ.